ಕಾರಿನ ಹಗ್ಗ

ಕಾರನ್ನು ಮಾರಿದ್ದು ಗಂಡ. ಕಾರು ಇದ್ದದ್ದು ಹೆಂಡತಿಯ ಹೆಸರಿನಲ್ಲಿ. ಗುಬ್ಬಿಯ ಆ ಮನೆಯಲ್ಲಿ ಇದು ಎಲ್ಲರಿಗೂ, ಸ್ವತಃ ಆ ಹೆಂಡತಿಗೂ, ಮರೆತೇ ಹೋಗಿತ್ತು. ನಾನು ನಮ್ಮ ಆಫೀಸಿನ ಬೀರುವಿನಿಂದ ಪಾಲಿಸಿ ತೆಗೆದು ಮೊದಲ ಪುಟ ಓದದೆ ಇದ್ದಿದ್ದರೆ ಹಾಗೇ ಮರೆತೇ ಇರುತ್ತಿತ್ತೋ ಏನೋ. ಆಗ ನನ್ನ ಪಾಲಿಗೆ ಒಂದು ಕುಣಿಗಲ್ ಪ್ರಯಾಣವೂ ಒಂದು ಭಾನುವಾರವೂ ಕಡಿಮೆಯಾಗುತ್ತಿದ್ದವು. ವಾಟ್ ಎ ಪಿಟಿ!

ಅರವತ್ತರ ದಶಕದ ಮೊದಮೊದಲ ವರ್ಷಗಳು. ತುಮಕೂರಿನ ಮಾರ್ಕೆಟ್ ಹತ್ತಿರ ಪಾತ್ರೆ ಅಂಗಡಿಯೊಂದರ ಮಹಡಿಯಲ್ಲಿ ನಮ್ಮ ಆಫೀಸು. ಆಫೀಸೆಂದರೆ ಒಬ್ಬ ಇನ್ಶೂರೆನ್ಸ್ ಏಜೆಂಟರು, ಒಂದು ಟೈಪ್‌ರೈಟರು, ಒಂದು ಬೀರು, ಮತ್ತು ನಾನು. ಕೆಳಗೆ ಯಾರಾದರೂ ಕೊಳಗ ಕೊಳ್ಳುವಾಗ ಬಡಿದು ನೋಡಿದರೆ ಮೇಲೆ ನನ್ನ ಸ್ಪೆಲ್ಲಿಂಗ್ ತಪ್ಪುತ್ತಿತ್ತು. ಆಗ ವಾಹನದ ಇನ್ಶೂರೆನ್ಸ್ ಎಲ್ಲ ಪ್ರೈವೇಟ್ ಕಂಪನಿಗಳ ಕೈಯಲ್ಲಿತ್ತು. ನಮ್ಮ ಕಂಪನಿಯ ಬ್ರಾಂಚು ಬೆಂಗಳೂರಿನಲ್ಲಿ. ಅಲ್ಲಿಂದ ಬರುವ ಪತ್ರ ಇಂಗ್ಲಿಷಿನಲ್ಲಿ, ಇಲ್ಲಿಗೆ ಬರುವ ಗಿರಾಕಿ ಕನ್ನಡದಲ್ಲಿ. ನಡುವೆ ನಿಲ್ಲುವುದಕ್ಕೆ ಕಾನ್ವೆಂಟಿನಲ್ಲಿ ಓದಿದ ಹುಡುಗಿಯೊಬ್ಬಳು ಬೇಕಾಗಿತ್ತು.

ಒಂದು ಬೆಳಿಗ್ಗೆ ಗುಬ್ಬಿಯ ಕೊಬ್ಬರಿ ಮಂಡಿಯ ಯಜಮಾನರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕುರ್ಚಿಯಲ್ಲಿ ಕೂತು, ಛತ್ರಿಯನ್ನು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಶುರುಮಾಡಿದರು.

“ಏನಮ್ಮಾ ಮಿಸ್ಸು, ಕಾರು ಮಾರ್ಬುಟ್ಟೆ. ಕುಣಿಗಲ್ಲಿನೋರು ತಗೊಂಡೋದ್ರು. ಇನ್ಶೂರೆನ್ಸು ನಿಲ್ಸಿ, ಮಿಕ್ಕಿದ್ ದುಡ್ಡು ಕೊಟ್ಬುಡಿ. ಅರ್ಧ ವರ್ಷ ಓಡ್ಸಿದೀನಿ, ಅರ್ಧ ವರ್ಷ ಬಾಕಿ. ಲೆಕ್ಕ ಸುಲಭ.”

ಲೆಕ್ಕ ಅಷ್ಟು ಸುಲಭವಿರಲಿಲ್ಲ. ಕಂಪನಿಯೇ ಪಾಲಿಸಿ ರದ್ದು ಮಾಡಿದರೆ ಉಳಿದ ದಿನಗಳ ಪಾಲನ್ನು ಪೂರ್ತಿ ಕೊಡುತ್ತದೆ. ಗಿರಾಕಿಯೇ ಬೇಡವೆಂದರೆ ಬೇರೆ ಕೋಷ್ಟಕ, ಅದಕ್ಕೆ ಷಾರ್ಟ್ ಪೀರಿಯಡ್ ಸ್ಕೇಲ್ ಎಂದು ಹೆಸರು. ಅದರ ಪ್ರಕಾರ ಆರು ತಿಂಗಳು ತುಂಬುವುದರೊಳಗೆ ಒಪ್ಪಿಸಿದರೆ ಪ್ರೀಮಿಯಮ್ಮಿನ ಕಾಲು ಭಾಗ ವಾಪಸು; ಅದು ದಾಟಿದರೆ ಅದರಲ್ಲಿ ಅರ್ಧ; ಎಂಟು ತಿಂಗಳು ದಾಟಿದರೆ ಸೊನ್ನೆ. ಇವರ ಆರನೆಯ ತಿಂಗಳು ನಡೆಯುತ್ತಿತ್ತು, ಹೆಚ್ಚು ದಿನ ಉಳಿದಿರಲಿಲ್ಲ.

ಇದನ್ನು ನಾನು ಎರಡು ಸಲ ವಿವರಿಸಿದೆ. ಯಜಮಾನರು ಎರಡು ಸಲವೂ “ಅದೆಂಗೆ?” ಎಂದರು. ಕೊನೆಗೆ ಏಜೆಂಟರು ಬಾಯಿ ಹಾಕಿದರು.

“ಸ್ವಾಮಿ, ಎಳನೀರು ಕುಡಿದು ಅರ್ಧ ಬುರುಡೆ ವಾಪಸ್ ಕೊಟ್ರೆ ಅಂಗಡಿಯೋನು ಅರ್ಧ ದುಡ್ಡು ಕೊಡ್ತಾನಾ?”

“ಕೊಡಲ್ಲ.”

“ಹಂಗೇ ಇದು.”

ಕೊಬ್ಬರಿ ಮಂಡಿಯವರಿಗೆ ತಕ್ಷಣ ಅರ್ಥವಾಯಿತು. “ಕಾಲು ಅಂದ್ರೆ ಕಾಲೇ ಕೊಡಿ” ಎಂದು ಒಪ್ಪಿಕೊಂಡರು. ನಾನು ಬೀರುವಿನಿಂದ ಪಾಲಿಸಿಯ ನಮ್ಮ ಪ್ರತಿ ತೆಗೆದೆ. ನೇಮ್ ಆಫ್ ದಿ ಇನ್ಶೂರ್ಡ್ ಎಂಬಲ್ಲಿ ಮಿಸೆಸ್ ಎಂದು ಶುರುವಾಗುವ ಹೆಸರಿತ್ತು.

“ಸರ್, ದಿಸ್ ಈಸ್ ಇನ್ ಯುವರ್ ವೈಫ್ಸ್ ನೇಮ್” ಎಂದೆ. ಗಾಬರಿಯಾದರೆ ನನಗೆ ಇಂಗ್ಲಿಷ್ ಬರುತ್ತಿತ್ತು. ಆಮೇಲೆ ಕನ್ನಡದಲ್ಲಿ ಹೇಳಿದೆ.

ಯಜಮಾನರು ಹಣೆ ಚಚ್ಚಿಕೊಂಡರು. “ಅಯ್ಯೋ ಹೌದಲ್ವಾ! ಕಾರು ತಗೊಳೋವಾಗ ನಮ್ ಜೋಯಿಸ್ರು ಜಾತ್ಕ ನೋಡಿ, ನಿನ್ ಜಾತ್ಕದಾಗೆ ವಾಹನ ಯೋಗ ಇಲ್ಲ ಕಣಪ್ಪ, ಎತ್ತಿನ ಗಾಡಿನೂ ನಿನ್ ಹೆಸ್ರಿಗೆ ಬ್ಯಾಡ ಅಂದ್ಬುಟ್ರು. ನಮ್ಮನೆಯೋಳ ಜಾತ್ಕದಾಗೆ ದಿವಿನಾಗೈತೆ ಅಂದ್ರು. ಅದ್ಕೆ ಅವಳ ಹೆಸ್ರಿಗೆ ಮಾಡ್ಸಿದ್ದು. ಕೊಡಿ ಇಲ್ಲಿ, ಸೈನು ನಾನೇ ಹಾಕ್ತೀನಿ.”

ಹಾಕಕೂಡದು ಎಂದೆ. ಹೆಂಡತಿ ಬೇರೆ ಗಂಡ ಬೇರೆಯೇ ಎಂದು ಯಜಮಾನರು ಕೇಳಿದರು. ಏಜೆಂಟರು ನನ್ನ ಮುಖ ನೋಡಿ, ಹಾಕಲಿ ಬಿಡು ಎಂದು ಕಣ್ಣಿನಲ್ಲೇ ಹೇಳಿದರು. ಯಜಮಾನರು ಹೆಂಡತಿಯ ಪರವಾಗಿ ಎಂದು ಬರೆದು, ಮಂಡಿಯ ಮೂಟೆಗಳ ಮೇಲೆ ಗುರುತು ಹಾಕಿದಷ್ಟು ದಪ್ಪಕ್ಕೆ ತಮ್ಮ ಸಹಿ ಮಾಡಿಹೋದರು.

ಆ ಪತ್ರ ಹೋದಷ್ಟೇ ಬೇಗ ಬ್ರಾಂಚಿನಿಂದ ವಾಪಸಾಯಿತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಎರಡು ಸಾಲು. ಪಾಲಿಸಿದಾರರ ಸ್ವಂತ ಸಹಿ ಬೇಕು. ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್ ಎಲ್ಲಿ?

ಈ ಸರ್ಟಿಫಿಕೇಟೇ ಮುಂದಿನ ಕತೆಗೆಲ್ಲ ಕಾರಣವಾದ್ದರಿಂದ ಒಂದು ಮಾತು ಹೇಳಿಬಿಡುತ್ತೇನೆ. ಪಾಲಿಸಿ ಎನ್ನುವುದು ಮನೆಯಲ್ಲಿಡುವ ದೊಡ್ಡ ಕಾಗದ. ಸರ್ಟಿಫಿಕೇಟ್ ಎನ್ನುವುದು ಕಾರಿನಲ್ಲಿಡುವ ಸಣ್ಣ ಕಾಗದ, ಪೊಲೀಸರು ಕೈ ತೋರಿಸಿದರೆ ತೋರಿಸಬೇಕಾದದ್ದು. ಪಾಲಿಸಿ ರದ್ದಾಗಬೇಕಾದರೆ ಈ ಸಣ್ಣ ಕಾಗದವನ್ನು ಕಂಪನಿಗೆ ಹಿಂದಕ್ಕೆ ಒಪ್ಪಿಸಬೇಕೆಂದು ಕಾನೂನು. ಒಪ್ಪಿಸಿದ ದಿನವೇ ಲೆಕ್ಕದ ದಿನ. ಅದು ಬಾರದೆ ಒಂದು ಕಾಸೂ ಹೊರಡುವುದಿಲ್ಲ.

ಏಜೆಂಟರು ನನ್ನನ್ನು ಗುಬ್ಬಿಗೆ ಬಸ್ಸು ಹತ್ತಿಸಿದರು.

ಮಂಡಿಯ ಹಿಂದೆಯೇ ಮನೆ. ಅಂಗಳದ ತುಂಬ ಹರವಿದ್ದ ಕೊಬ್ಬರಿಯ ಸಿಹಿಕಮಟು ವಾಸನೆ. ಯಜಮಾನರ ಹೆಂಡತಿ ಮೊರದಲ್ಲಿ ಏನನ್ನೋ ಕೇರುತ್ತ ಜಗಲಿಯ ಮೇಲೆ ಕೂತಿದ್ದರು. ನಲವತ್ತರ ಆಸುಪಾಸು, ಗುಂಡನೆಯ ಮುಖ, ಎರಡು ಮೂಗುಬೊಟ್ಟು. ನಾನು ಮುಂದೆ ಅವರನ್ನು ಅಮ್ಮ ಎಂದೇ ಕರೆದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಸಹಿ ಹಾಕಬೇಕಾದ ಜಾಗ ತೋರಿಸಿ, ನಿಮ್ಮ ಕಾರಿನ ಇನ್ಶೂರೆನ್ಸ್ ಬಗ್ಗೆ ಎಂದೆ.

“ಯಾರ್ ಕಾರು?”

“ನಿಮ್ಮದು ಅಮ್ಮ.”

“ನಮ್ಮನೇರದ್ದು ಅನ್ನವ್ವ.”

“ಅಲ್ಲ, ನಿಮ್ಮದೇ. ಇಲ್ಲಿ ನೋಡಿ, ನಿಮ್ಮ ಹೆಸರು. ಇಲ್ಲಿ ಮಾತ್ರ ವೈಫ್ ಆಫ್ ಅಂತಿದೆ, ಯಜಮಾನರ ಹೆಸರು ಹೇಳಿದರೆ ಬರೆದುಕೊಳ್ಳುತ್ತೇನೆ.”

“ನಾನೆಂಗೆ ಹೇಳ್ಲಿ? ಹೊರಗೆ ಬೋರ್ಡ್ ಮೇಲೈತೆ, ನೋಡ್ಕೊಂಡ್ ಬರ್ಕೋ” ಎಂದವರು ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ನಗಲು ಶುರುಮಾಡಿದರು. ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಗು. “ನೋಡಿದ್ಯಾ! ಜೋಯಿಸ್ರು ಏನೋ ಅಂದಿದ್ದು ನೆಪ್ಪೈತೆ. ಇಲ್ಲಿ ಹಾಕು ಅಂದ್ರು, ಹಾಕ್ದೆ. ಮಾರೋವಾಗ್ಲೂ ಇಲ್ಲಿ ಹಾಕು ಅಂದ್ರು, ಹಾಕ್ದೆ. ಇಷ್ಟ್ ವರ್ಷ ಆ ಕಾರು ನಂದಾಗಿತ್ತಾ? ಒಬ್ರಾದ್ರೂ ನಂಗೆ ಹೇಳ್ಬಾರ್ದಾ?”

ಆಮೇಲೆ ಅವರು ತಮ್ಮ ಕಾರಿನ ಸುಖವನ್ನು ಹೇಳಿದರು. ಹಿಂದಿನ ಸೀಟು, ಕಿಟಕಿಗೆ ಅವರೇ ಹೊಲಿದ ಹೂವಿನ ಪರದೆ, ತೊಡೆಯ ಮೇಲೆ ಬುತ್ತಿ ಗಂಟು. ಮುಂದಿನ ಸೀಟು ಯಾವಾಗಲೂ ಮಂಡಿ ಗುಮಾಸ್ತರದ್ದು. “ತಿಪಟೂರು ಸಂತೆಗೆ ಹೋಯ್ತು, ತುಮಕೂರು ಕೋರ್ಟಿಗೋಯ್ತು. ದೇವರಾಯನದುರ್ಗದ ಬೆಟ್ಟಕ್ಕೆ ಕರ್ಕೊಂಡ್ ಹೋಗಿ ಅಂತ ವರ್ಷಾ ವರ್ಷಾ ಕೇಳ್ದೆ. ಎಂಜಿನ್ನು ಬಿಸಿಯಾಗ್ತದೆ ಅಂದ್ರು. ನಾನ್ ಎದುರ್ಗಡೆ ರಸ್ತೆ ನೋಡೇ ಇಲ್ಲ ಕಣವ್ವ. ಬರೀ ಪಕ್ಕದ್ ಬೇಲಿ ನೋಡಿವ್ನಿ.”

ಅಷ್ಟರಲ್ಲಿ ಯಜಮಾನರು ಮಂಡಿಯಿಂದ ಒಳಗೆ ಬಂದರು. ಅಮ್ಮ ಪೆನ್ನು ಕೈಯಲ್ಲಿ ಹಿಡಿದೇ ಹೇಳಿದರು:

“ಸೈನ್ ಹಾಕ್ತೀನಿ. ಆದ್ರೆ ಈ ದುಡ್ಡು ನನ್ ಕೈಗೇ ಬರ್ಬೇಕು. ಟ್ಯಾಕ್ಸಿ ಮಾಡ್ಕೊಂಡು ದೇವರಾಯನದುರ್ಗಕ್ಕೆ ಹೋಗ್ತೀನಿ. ಮುಂದಿನ್ ಸೀಟಲ್ಲಿ ಕೂತ್ಕೊಂಡು.”

“ಬಸ್ಸಲ್ಲಿ ಹೋಗೇ. ನಾನೇ ಟಿಕೆಟ್ ತೆಗ್ಸಿ ಕೊಡ್ತೀನಿ.”

“ಬಸ್ಸಲ್ಲಿ ಮುಂದಿನ್ ಸೀಟು ಡ್ರೈವರಣ್ಣಂದು.”

ಯಜಮಾನರು ನನ್ನ ಕಡೆ ತಿರುಗಿ, “ಮಿಸ್ಸು, ನೀವ್ ಬರೋ ಮುಂಚೆ ಮನೆ ಸುಮ್ನಿತ್ತು” ಎಂದರು. ಕೋಪವಿರಲಿಲ್ಲ, ಮೀಸೆಯ ಕೆಳಗೆ ನಗು ಇತ್ತು. ಅಮ್ಮ ಸಹಿ ಹಾಕಿದರು. ಮೂಟೆಯ ಗುರುತಿನಂಥದ್ದಲ್ಲ, ರಂಗೋಲಿ ಎಳೆಯುವಂತೆ ಒಂದೊಂದೇ ಅಕ್ಷರ, ಕೊನೆಗೊಂದು ಚುಕ್ಕೆ.

ಆಮೇಲೆ ಸರ್ಟಿಫಿಕೇಟ್ ಕೇಳಿದೆ. ಅದು ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇತ್ತಂತೆ, ಕಾರಿನ ಜೊತೆ ಕುಣಿಗಲ್ಲಿಗೆ ಹೋಗಿಬಿಟ್ಟಿತ್ತು. ಯಜಮಾನರು ಅಂದೇ ಒಂದು ಕಾರ್ಡು ಹಾಕಿದರು. ಕಾರು ಕೊಂಡವರು ಕುಣಿಗಲ್ಲಿನ ದನದ ದಲ್ಲಾಳಿ. ಅವರ ಉತ್ತರ ಎರಡೇ ಸಾಲು: ಕಾರನ್ನು ಇದ್ದ ಹಾಗೆ ಕೊಂಡಿದ್ದೇನೆ, ಅದರಲ್ಲಿದ್ದದ್ದೆಲ್ಲ ನನ್ನದು, ಕೊಡುವುದಿಲ್ಲ.

“ಹೋಗ್ಲಿ ಬುಡು” ಎಂದರಂತೆ ಯಜಮಾನರು. “ಎಷ್ಟ್ ಮಹಾ ದುಡ್ಡು.” ಮಂಡಿಯ ವಹಿವಾಟಿನ ಮುಂದೆ ಅದು ನಿಜವಾಗಿಯೂ ಮಹಾ ದುಡ್ಡಲ್ಲ. ಆದರೆ ಅಮ್ಮ ಮರುದಿನವೇ ತುಮಕೂರಿಗೆ ಬಂದರು. ಆಫೀಸಿನ ಮೆಟ್ಟಿಲು ಹತ್ತಿದ ಮೊದಲ ಹೆಂಗಸು ಅವರೇ ಇರಬೇಕು, ನನ್ನನ್ನು ಬಿಟ್ಟರೆ.

ಏಜೆಂಟರು ಸುಲಭದ ದಾರಿ ತೋರಿಸಿದರು. ಸರ್ಟಿಫಿಕೇಟ್ ಕಳೆದುಹೋದರೆ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರ ಮಾಡಿಸಿ ಕಳಿಸಬಹುದು, ಕಾನೂನಿನಲ್ಲೇ ಇದೆ. “ಕಳೆದ್ಹೋಯ್ತು ಅಂತ ಒಂದು ಅಫಿಡವಿಟ್ ಟೈಪ್ ಮಾಡಮ್ಮ. ಎಲ್ಲರೂ ಮಾಡೋದೇ.”

ನಾನು ಹಾಳೆ ಸಿಕ್ಕಿಸಿದೆ. ಐ ಸಾಲೆಮ್ನ್‌ಲಿ ಅಫರ್ಮ್ ಎಂಬವರೆಗೂ ಟೈಪಾಯಿತು. ಮುಂದಕ್ಕೆ ಹೋಗುವ ಮೊದಲು ಏನು ಬರೆಯುತ್ತಿದ್ದೇನೆಂದು ಅಮ್ಮನಿಗೆ ಓದಿಹೇಳಿದೆ.

“ಕಳೆದಿಲ್ವಲ್ಲವ್ವ” ಎಂದರು ಅವರು. “ಕುಣಿಗಲ್ಲಾಗೈತೆ. ಎಲ್ಲೈತೆ ಅಂತ ಗೊತ್ತಿರೋ ವಸ್ತುನ ಕಳೆದೋಯ್ತು ಅಂತ ದೇವ್ರ ಮೇಲೆ ಪ್ರಮಾಣ ಮಾಡಿ, ಆ ದುಡ್ಡಾಗೆ ದೇವ್ರ ಬೆಟ್ಟಕ್ಕೋಗ್ಲಾ?”

ಏಜೆಂಟರು ಛಾವಣಿ ನೋಡಿದರು. ನನಗೆ ಮಾತ್ರ ಒಳಗೊಳಗೇ ಸಮಾಧಾನವಾಯಿತು. ಕಾನ್ವೆಂಟಿನಲ್ಲಿ ನಮ್ಮ ಮದರ್ ಒಬ್ಬರು, ಸುಳ್ಳು ಹೇಳುವ ಹುಡುಗಿಯರ ಮುಖ ನೋಡದೆ ಅವರ ಕಾಲು ನೋಡುತ್ತಿದ್ದರು. ಸುಳ್ಳಾದರೆ ಹೆಬ್ಬೆರಳು ಮಡಿಚಿಕೊಳ್ಳುತ್ತದೆಂದು ಅವರ ನಂಬಿಕೆ. ನನ್ನ ಹೆಬ್ಬೆರಳು ಆಗಲೇ ಚಪ್ಪಲಿಯೊಳಗೆ ಮಡಿಚಿಕೊಂಡಿತ್ತು. ಹಾಳೆ ಹೊರಗೆಳೆದೆ.

“ಸರ್, ನಾನು ಕುಣಿಗಲ್ಲಿಗೆ ಹೋಗಿಬರ್ತೀನಿ.”

“ನೋಡಮ್ಮ, ರೀಫಂಡ್ ಆದ್ರೆ ನನ್ನ ಕಮಿಷನ್ನೂ ಅಷ್ಟು ವಾಪಸ್ ಹೋಗುತ್ತೆ. ನನ್ನ ಜೇಬು ಕತ್ತರಿಸೋಕೆ ನಾನೇ ಬಸ್ ಚಾರ್ಜು ಕೊಡ್ಲಾ?”

ಅದು ನ್ಯಾಯವಾದ ಪ್ರಶ್ನೆ. ಟೈಪ್‌ರೈಟರಿನ ಮೇಲೆ ಕೈಯಿಟ್ಟುಕೊಂಡು ಯೋಚಿಸಿದೆ. ಕಾರಿನ ಒಡೆತನ ಬದಲಾದ ಮೇಲೆ ಹಳೆಯ ಪಾಲಿಸಿ ಕೊಂಡವರಿಗೆ ನೆರಳಾಗುವುದಿಲ್ಲ. ಅಂದರೆ ದಲ್ಲಾಳಿಯವರು ಇನ್ಶೂರೆನ್ಸೇ ಇಲ್ಲದ ಕಾರು ಓಡಿಸುತ್ತಿದ್ದಾರೆ. ಅಂದರೆ ಅವರಿಗೆ ಹೊಸ ಪಾಲಿಸಿ ಬೇಕು.

“ಸರ್, ಹಳೇದು ರದ್ದು ಮಾಡಿಸಿ ಹೊಸದು ತರ್ತೀನಿ. ಕವರ್ ನೋಟ್ ಬುಕ್ ಕೊಡಿ.”

ಏಜೆಂಟರು ಛಾವಣಿಯಿಂದ ಕಣ್ಣು ಇಳಿಸಿದರು. ಕವರ್ ನೋಟ್ ಎಂದರೆ ಪಾಲಿಸಿ ಅಚ್ಚಾಗಿ ಬರುವ ತನಕ ನಡೆಯುವ ಚೀಟಿ. ಮೂರು ಪ್ರತಿ, ನಡುವೆ ಕಾರ್ಬನ್. ಊರೂರು ತಿರುಗುವ ಏಜೆಂಟರು ಸಹಿ ಮಾಡಿಟ್ಟ ಹಾಳೆ ಒಂದೆರಡು ಇಟ್ಟುಕೊಂಡಿರುತ್ತಿದ್ದರು. ಆ ಬುಕ್ಕನ್ನು ನನ್ನ ಕೈಗೆ ಕೊಡುವಾಗ, “ಒಬ್ಬಳೇ ಹೋಗ್ಬೇಡ” ಎಂದರು.

“ನಾನಿಲ್ವಾ?” ಎಂದರು ಅಮ್ಮ. “ನನ್ ತೌರು ಹೆಬ್ಬೂರು. ದಾರಿ ಮೇಲೆ ಐತೆ. ತೌರಿಗೋಗ್ತೀನಿ ಅಂದ್ರೆ ನಮ್ಮನೇರು ಬ್ಯಾಡ ಅನ್ನಲ್ಲ.”

ಮಂಗಳವಾರ ಹೊರಟೆವು. ಮುಂಗಡೆ ಸೀಟು ಡ್ರೈವರಣ್ಣನದೇ ಆಗಿತ್ತು; ನಾವು ಹಿಂದೆ, ಒಂದು ಕೋಳಿಬುಟ್ಟಿಯ ಪಕ್ಕ. ಹೆಬ್ಬೂರು ಬಂದಾಗ ಅಮ್ಮ ಕಿಟಕಿಯಿಂದ ಬಗ್ಗಿ ತಮ್ಮ ಅಪ್ಪನ ಮನೆಯ ಹೆಂಚು ತೋರಿಸಿದರು. ಅಪ್ಪ ರಾಗಿ ಬೆಳೆಯುವವರು, ಜೊತೆಗೆ ಎತ್ತು ಕೊಳ್ಳುವ ಮಾರುವ ಹುಚ್ಚು. “ಚಿಕ್ಕೋಳಿದ್ದಾಗ ಅಪ್ಪನ್ ಜೊತೆ ದನದ ಸಂತೆಗೆಲ್ಲ ಹೋಗಿವ್ನಿ. ಟವೆಲ್ ಕೆಳಗೆ ಬೆರಳು ಹಿಡ್ದು ರೇಟು ಹೇಳೋದು ನೋಡ್ದೋಳು ನಾನು. ಈ ದಲ್ಲಾಳಿ ನನ್ನ ಹೆದರ್ಸಕಾಗಲ್ಲ ಬುಡು.” ದಾರಿಯುದ್ದಕ್ಕೂ ನನಗೆ ಕೊಬ್ಬರಿ ಮಿಠಾಯಿ ತಿನ್ನಿಸಿದರು. ಮೋಟಾರ್ ವೆಹಿಕಲ್ಸ್ ಆಕ್ಟಿನ ಸೆಕ್ಷನ್ನುಗಳನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದ ನಾನು ಹಲ್ಲಿಗೆ ಅಂಟಿದ ಮಿಠಾಯಿಯನ್ನು ಬಿಡಿಸಿಕೊಳ್ಳುವುದರಲ್ಲಿ ಅರ್ಧ ಮರೆತೆ.

ದಲ್ಲಾಳಿಯವರ ಮನೆ ಕೆರೆಯ ಏರಿಗೆ ಹತ್ತಿರ. ಹುಣಸೆ ಮರದ ಕೆಳಗೆ ಕಾರು ನಿಂತಿತ್ತು. ಮೈ ತೊಳೆದ ಎತ್ತಿನ ಹಾಗೆ ಮಿರುಗುತ್ತಿತ್ತು. ಅಮ್ಮ ಅದರ ಸುತ್ತ ಒಂದು ಸುತ್ತು ಬಂದು, ಕಿಟಕಿಯೊಳಗೆ ಇಣುಕಿ, “ಪರದೆ ಎಲ್ಲಿ?” ಎಂದರು.

“ಕಿತ್ತಾಕ್ದೆ ಕಣ್ತಾಯಿ” ಎನ್ನುತ್ತ ದಲ್ಲಾಳಿಯವರು ಹೊರಗೆ ಬಂದರು. ಒಣಕಲು ಮೈ, ಕೆಂಪು ವಸ್ತ್ರ ತಲೆಗೆ ಸುತ್ತಿದ್ದರು. “ಟ್ಯಾಕ್ಸಿ ಮಾಡಿವ್ನಿ. ಕೂತೋರ್ಗೆ ಗಾಳಿ ಬೇಕಲ್ಲ.”

“ಒಳ್ಳೇದ್ ಮಾಡ್ದೆ” ಎಂದರು ಅಮ್ಮ.

ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಸರ್ಟಿಫಿಕೇಟ್ ಎನ್ನುವುದು ಕಾರಿಗೆ ಕೊಟ್ಟದ್ದಲ್ಲ, ವ್ಯಕ್ತಿಗೆ ಕೊಟ್ಟದ್ದು. ಅದು ನಿಮ್ಮನ್ನು ರಕ್ಷಿಸುವುದಿಲ್ಲ. ನಾಳೆ ನಿಮ್ಮ ಕಾರು ಯಾರಿಗಾದರೂ ತಗುಲಿದರೆ ಕಂಪನಿ ಕೈ ಎತ್ತಿಬಿಡುತ್ತದೆ. ದಲ್ಲಾಳಿಯವರು ತಲೆದೂಗುತ್ತ ಪೂರ್ತಿ ಕೇಳಿದರು.

“ಚೆನ್ನಾಗಿ ಮಾತಾಡ್ತೀಯ ಕಣವ್ವ. ಆದ್ರೆ ಪೊಲೀಸ್ನೋರು ಎರಡ್ ಸಾರಿ ನಿಲ್ಲಿಸಿ ಇದೇ ಕಾಗ್ದ ನೋಡಿ ಸರಿ ಐತೆ ಹೋಗು ಅಂದವ್ರೆ. ಸ್ಟೆಪ್ನಿ, ಜಾಕಿ, ಗ್ರೀಸ್ ಡಬ್ಬ, ಕಾಗ್ದ, ಎಲ್ಲಾ ಸೇರಿ ದುಡ್ಡು ಕೊಟ್ಟಿವ್ನಿ. ಈಗ ಬಂದು ಇದೊಂದ್ ಕೊಡು ಅಂದ್ರೆ? ಎತ್ತು ಕೊಂಡೋನಿಗೆ ಕೊಂಬು ಕಿತ್ಕೊಂಡ್ ಕೊಡ್ತಾರಾ?”

ಅಮ್ಮ ಕಾರಿನ ಬಾನೆಟ್ಟಿಗೆ ಒರಗಿ ನಿಂತಿದ್ದವರು ನೆಟ್ಟಗಾದರು.

“ಕೊಂಬು ಎತ್ತಿಂದು ಕಣಣ್ಣ. ಹಗ್ಗ ಯಾರ್ದು?”



ನಮ್ಮ ಕಡೆ ದನ ಮಾರಿದವರು ಹಗ್ಗ ಕೊಡುವುದಿಲ್ಲ. ಕೊಳ್ಳುವವರು ಹೊಸ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಳೆಯದನ್ನು ಮಾರಿದವರು ಬಿಚ್ಚಿಕೊಂಡು ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಹಗ್ಗ ಹೋದರೆ ಮನೆಯ ಲಕ್ಷ್ಮಿ ಅದರ ಹಿಂದೆ ಹೋಗುತ್ತಾಳೆಂದು.

“ನೀನು ಎಷ್ಟ್ ಜೋಡಿ ಮಾರ್ಸಿದೀಯ? ಒಂದ್ ಸಾರಿನಾದ್ರೂ ಹಗ್ಗದ್ ಸಮೇತ ಕೊಡ್ಸಿದೀಯಾ?”

“ಉಂಟಾ ತಾಯಿ! ಕೊಡ್ಸಿದ್ರೆ ನನ್ನ ಸಂತೆಗೇ ಸೇರ್ಸಲ್ಲ.”

“ಇದು ನನ್ ಕಾರಿನ ಹಗ್ಗ. ನಮ್ಮನೇರು ಬಿಚ್ಕೊಳ್ಳೋದು ಮರೆತ್ರು. ಅವರಿಗೆ ಕಾರು ನಂದು ಅನ್ನೋದೇ ಮರೆತೋಗಿತ್ತು. ಬೇಕಾದ್ರೆ ಓದ್ಸು, ಯಾರ್ ಹೆಸ್ರೈತೆ ನೋಡು.”

ದಲ್ಲಾಳಿಯವರು ನಗುತ್ತಲೇ ಕಾರಿನ ಬಾಗಿಲು ತೆಗೆದು ಖಾನೆಯಿಂದ ಕಾಗದ ಎಳೆದರು. ಆಯುಧಪೂಜೆಯ ದಿನವೇನೋ, ಯಾರೋ ಅದಕ್ಕೂ ಪೂಜೆ ಮಾಡಿದ್ದರು. ಕುಂಕುಮ ಅಂಟಿ ನಂಬರಿನ ಒಂದು ತುದಿ ಕೆಂಪಾಗಿತ್ತು. ಕೈ ಚಾಚಿದೆ. ಅವರು ಕೈ ಹಿಂದಕ್ಕೆಳೆದುಕೊಂಡರು.

“ಕೊಡ್ತೀನವ್ವ. ಆದ್ರೆ ಹಗ್ಗ ಬಿಚ್ಚಿದ್ ಮೇಲೆ ಎತ್ತು ಬರೀ ಕತ್ತಲ್ಲಿ ನಿಲ್ತದಲ್ಲ? ನಾಳೆ ಬಾಡಿಗೆಗೆ ಹೆಂಗ್ ಹೋಗ್ಲಿ?”

ಆಗ ನನ್ನ ಸರದಿ ಬಂತು. ಕೈಚೀಲದಿಂದ ಕವರ್ ನೋಟ್ ಬುಕ್ಕು ತೆಗೆದೆ. “ಹೊಸ ಹಗ್ಗ ತಂದಿದೀನಿ” ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ! ಅಮ್ಮ ನನ್ನ ಬೆನ್ನಿಗೆ ಒಂದು ಗುದ್ದಿದರು.

ಟ್ಯಾಕ್ಸಿಯೆಂದರೆ ಸ್ವಂತ ಬಳಕೆಯ ಕಾರಿಗಿಂತ ಹೆಚ್ಚಿನ ದರ. ಅದನ್ನು ಕೇಳಿ ದಲ್ಲಾಳಿಯವರು ತಲೆಯ ವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡರು. ಚೌಕಾಸಿಗೆಂದು ಟವೆಲ್ ಮುಂದೆ ಹಿಡಿದರು; ಇದರಲ್ಲಿ ಬೆರಳು ಹಿಡಿಯುವ ಹಾಗಿಲ್ಲ, ಟ್ಯಾರಿಫ್ ಎಂದು ಇಡೀ ದೇಶಕ್ಕೆ ಒಂದೇ ದರ ಎಂದೆ. ಸರಿ ಎಂದು ಪೆನ್ನು ಹಿಡಿದವರು ಥಟ್ಟನೆ ಆಕಾಶ ನೋಡಿದರು. “ರಾಹುಕಾಲ ಬಂತಲ್ಲಾ! ಮುಗೀಲಿ.”

ಮುಗಿಯುವ ತನಕ ಕೂತೆವು. ದಲ್ಲಾಳಿಯವರ ಮನೆಯವರು ಮಜ್ಜಿಗೆ ಕೊಟ್ಟರು, ಬೇಯಿಸಿದ ಅವರೆಕಾಯಿ ಕೊಟ್ಟರು. ನಾನು ಬಸ್ಸಿನ ಚಿಂತೆಯಲ್ಲಿ ರಸ್ತೆ ನೋಡುತ್ತಿದ್ದರೆ ಅಮ್ಮ ಅವರೆಕಾಯಿ ಸುಲಿಯುತ್ತ ಮಾತಿನಲ್ಲೇ ಆ ಮನೆಯವರ ತೌರುಮನೆಯವರೆಗೂ ಹೋಗಿಬಂದಿದ್ದರು. ರಾಹುಕಾಲ ಕಳೆದ ಕೂಡಲೇ ಬಾನೆಟ್ಟಿನ ಮೇಲೆ ಬುಕ್ಕು ಇಟ್ಟು ಬರೆದೆ: ಎಂಜಿನ್ ನಂಬರು, ಚಾಸಿ ನಂಬರು, ಸೀಟುಗಳು. ಕಾರ್ಬನ್ ಉಲ್ಟಾ ಇಟ್ಟಿದ್ದೆನೆಂದು ಎರಡನೆಯ ಸಾಲಿನಲ್ಲಿ ಗೊತ್ತಾಗಿ ಮತ್ತೆ ಶುರುಮಾಡಿದೆ. ನಾನೇ ಬರೆದ ಮೊದಲ ಕವರ್ ನೋಟ್ ಅದು. ದಲ್ಲಾಳಿಯವರು ಪ್ರಪೋಸಲ್ ಅರ್ಜಿಗೆ ಸಹಿ ಹಾಕಿ, ದುಡ್ಡು ಎಣಿಸಿಕೊಟ್ಟು, ಚೀಟಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಕುಂಕುಮದ ಕಾಗದವನ್ನು ಅಮ್ಮನ ಕೈಗೆ ಎರಡು ಕೈಯಲ್ಲಿ ಕೊಟ್ಟರು.

“ಹೊತ್ತಾಯ್ತು, ಕಾರಲ್ಲೇ ತುಮಕೂರಿಗೆ ಬುಟ್ಬರ್ತೀನಿ ಹತ್ತಿ ತಾಯಿ. ಬಾಡಿಗೆ ಬ್ಯಾಡ.”

ನಾನು ಬಾಗಿಲಿಗೆ ಕೈ ಹಾಕಿಯೇಬಿಟ್ಟಿದ್ದೆ. ಅಮ್ಮ ನನ್ನ ಕೈ ಹಿಡಿದು ಹಿಂದಕ್ಕೆಳೆದರು.

“ಬ್ಯಾಡ ಕಣಣ್ಣ. ದುಡ್ಡು ಬಂದ್ ಮೇಲೆ ನಾನೇ ಕರೀತೀನಿ. ಬಾಡಿಗೆ ಕೊಟ್ಟೇ ಹತ್ತೋದು.”

ಹಾಗಾಗಿ ಕಿಕ್ಕಿರಿದ ಬಸ್ಸಿನಲ್ಲಿ ನಿಂತುಕೊಂಡೇ ವಾಪಸಾದೆವು. ಸರ್ಟಿಫಿಕೇಟನ್ನು ಅಮ್ಮ ಕುಪ್ಪಸದೊಳಗೆ ಇಟ್ಟುಕೊಂಡಿದ್ದರು. ನನ್ನ ಕೈಗೆ ಕೊಟ್ಟಾಗ ಅದು ಬೆವರಿನಿಂದ ಮೆತ್ತಗಾಗಿತ್ತು, ಕುಂಕುಮ ಇನ್ನಷ್ಟು ಹರಡಿತ್ತು. ನಮ್ಮ ಪ್ರತಿಯಿಂದ ನಂಬರು ನೋಡಿ, ಒಂದು ಪತ್ರದಲ್ಲಿ ಅದನ್ನು ದೃಢೀಕರಿಸಿ ಟೈಪ್ ಮಾಡಿದೆ. ಕೆಂಪು ಕಲೆಯ ಕಾರಣವಾಗಿ “ರಿಲಿಜಸ್ ಪೌಡರ್” ಎಂದು ಬರೆದೆ. ಮರುದಿನ ಏಜೆಂಟರು, ಕೈಯಲ್ಲಿ ಹೊಸ ಪ್ರಪೋಸಲ್ ಇದ್ದುದರಿಂದ ಭಾರಿ ಹುರುಪಿನಲ್ಲಿ, ಬೆಳಗಿನ ರೈಲಿಗೆ ತಾವೇ ಬೆಂಗಳೂರಿಗೆ ಹೋಗಿ ಎರಡನ್ನೂ ಬ್ರಾಂಚಿನಲ್ಲಿ ಒಪ್ಪಿಸಿ ಮೊಹರು ಹಾಕಿಸಿಕೊಂಡು ಬಂದರು. ಆರನೆಯ ತಿಂಗಳು ಇನ್ನೂ ಮುಗಿದಿರಲಿಲ್ಲ. ಕಾಲು ಭಾಗ ನಮ್ಮದು. ಥ್ಯಾಂಕ್ ಹೆವನ್ಸ್!

ಮುಗಿಯಿತೆಂದುಕೊಂಡೆ. ಚೆಕ್ಕು ಬಂತು, ಅಮ್ಮನ ಹೆಸರಿನಲ್ಲಿ, ಎರಡು ಗೆರೆ ಎಳೆದು, ಅಕೌಂಟ್ ಪೇಯಿ ಎಂದು ಬರೆದು. ಅದನ್ನು ಅವರ ಸ್ವಂತ ಖಾತೆಗಲ್ಲದೆ ಬೇರೆಲ್ಲಿಗೂ ಹಾಕುವಂತಿಲ್ಲ. ಅವರಿಗೆ ಖಾತೆಯೇ ಇರಲಿಲ್ಲ.

“ಕೊಡಿ, ನನ್ ಖಾತೆಗೆ ಹಾಕ್ಕೊಂಡು ಅವಳಿಗೆ ಕೊಡ್ತೀನಿ” ಎಂದರು ಯಜಮಾನರು.

“ಗೆರೆ ಎಳೆದವ್ರಂತೆ ರೀ” ಎಂದರು ಅಮ್ಮ, ಬಹಳ ಮುದ್ದಾಗಿ. “ದಾಟಂಗಿಲ್ವಂತೆ.”

ತುಮಕೂರಿನ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ ಆಗಲೇ ಖಾತೆಯಿರುವ ಒಬ್ಬರು ಪರಿಚಯದ ಸಹಿ ಹಾಕಬೇಕು. ಸಂಬಳ ಶುರುವಾದಾಗ ನಾನೊಂದು ಸಣ್ಣ ಸೇವಿಂಗ್ಸ್ ಖಾತೆ ತೆರೆದಿದ್ದೆ. ಇಂಟ್ರೊಡ್ಯೂಸ್ಡ್ ಬೈ ಎಂಬಲ್ಲಿ ನನ್ನ ಸಹಿ ಬಿತ್ತು. ನನಗಿಂತ ದುಪ್ಪಟ್ಟು ವಯಸ್ಸಿನವರನ್ನು ನಾನು ಬ್ಯಾಂಕಿಗೆ ಪರಿಚಯಿಸಿದ್ದು! ಬ್ಯಾಂಕಿನ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, “ಕಸುಬು ಏನಮ್ಮ?” ಎಂದರು.

“ಕಾರಿನ ಓನರ್ ಆಗಿದ್ದೆ. ಈಗ ಬುಟ್ಟಿವ್ನಿ.”

ಗುಮಾಸ್ತರು ಗೃಹಿಣಿ ಎಂದು ಬರೆದುಕೊಂಡರು.

ಚೆಕ್ಕು ಹಣವಾದ ಮೇಲಿನ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಹಾರನ್ ಕೇಳಿಸಿತು. ಹೊಸ ಹಗ್ಗ ಕಟ್ಟಿಸಿಕೊಂಡ ಅದೇ ಹಳೆಯ ಕಾರು. ಸ್ಟಿಯರಿಂಗಿನ ಹಿಂದೆ ಕೆಂಪು ವಸ್ತ್ರದ ದಲ್ಲಾಳಿಯವರು, ಅವರ ಪಕ್ಕದ ಸೀಟಿನಲ್ಲಿ ಹಸಿರು ರೇಷ್ಮೆಯುಟ್ಟ ಅಮ್ಮ. ಹಿಂದಿನ ಸೀಟಿನಲ್ಲಿ ಮಂಡಿ ಯಜಮಾನರು, ತೊಡೆಯ ಮೇಲೆ ಬುತ್ತಿ ಗಂಟು.

ನಾನು ಅವರ ಪಕ್ಕ ಕೂತೆ. ಊರು ದಾಟಿ ಕಾಡಿನ ರಸ್ತೆ ಸೇರುವ ತನಕ ಅಮ್ಮ ಮುಂದಿನ ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಎದುರಿನ ರಸ್ತೆ ನೇರವಾಗಿ ಅವರ ಕಡೆಗೇ ಬರುತ್ತಿತ್ತು. ಬೆಟ್ಟದ ತಿರುವು ಏರುವಾಗ ಎಂಜಿನ್ನು ನಿಜವಾಗಿಯೂ ಬಿಸಿಯಾಯಿತು. ಬಾನೆಟ್ಟಿನಿಂದ ಹಬೆ ಎದ್ದು ಕಾರು ನಿಂತಿತು.

“ನಾನ್ ಹೇಳ್ಲಿಲ್ವಾ?” ಎಂದರು ಯಜಮಾನರು ಹಿಂದಿನಿಂದ, ವಿಜಯದ ದನಿಯಲ್ಲಿ.

“ಬಿಸಿಯಾದ್ರೆ ಆರ್ತದೆ ಬುಡಿ” ಎಂದರು ಅಮ್ಮ. ದಲ್ಲಾಳಿಯವರು ನೀರು ಹೊಯ್ದರು. ಆರಿತು. ಹತ್ತಿದೆವು.

ಮೇಲೆ ದರ್ಶನವಾಯಿತು, ಬಂಡೆಯ ಮೇಲೆ ಕೂತು ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದದ್ದಾಯಿತು. ಕೆಳಗೆ ತುಮಕೂರು ಹರವಿಕೊಂಡಿತ್ತು, ಈಗಿನ ಅರ್ಧದ ಅರ್ಧವೂ ಇರಲಿಲ್ಲ ಆಗ. ಇವತ್ತು ನಾನಿರುವ ಶೆಟ್ಟಿಹಳ್ಳಿಯ ಮನೆಯ ಮಹಡಿಗೆ ಬಟ್ಟೆ ಒಣಹಾಕಲು ಹೋದಾಗ, ಹೊಗೆ ಮಂಜು ಇಲ್ಲದ ದಿನ, ಆ ಬೆಟ್ಟದ ಸಾಲು ದೂರಕ್ಕೆ ನೀಲಿಯಾಗಿ ಕಾಣುತ್ತದೆ. ಒಂದು ಕ್ಷಣ ಬಕೆಟ್ಟು ಕೆಳಗಿಟ್ಟು ನಿಲ್ಲುತ್ತೇನೆ. ಆಮೇಲೆ ಎಷ್ಟೋ ಪಾಲಿಸಿ ಬರೆದೆ, ಎಷ್ಟೋ ರದ್ದು ಮಾಡಿದೆ. ಯಾವುದೂ ನನ್ನನ್ನು ಬೆಟ್ಟ ಹತ್ತಿಸಲಿಲ್ಲ.

ಹೊರಡುವ ಹೊತ್ತಿಗೆ ಯಜಮಾನರು ಬುತ್ತಿ ಗಂಟು ಹಿಡಿದುಕೊಂಡು ಕಾರಿನ ಮುಂದಿನ ಬಾಗಿಲ ಹತ್ತಿರ ಸುಳಿದಾಡುತ್ತಿದ್ದರು. ಕೊನೆಗೆ ಕೇಳಿಯೇಬಿಟ್ಟರು.

“ಲೇ, ಹಿಂದ್ಗಡೆ ಬರೀ ಬೇಲಿ ಕಾಣ್ತದೆ ಕಣೇ. ಇಳಿಯೋವಾಗ ಒಂದಿಷ್ಟ್ ದೂರ ನಾನ್ ಮುಂದೆ ಕೂರ್ಲಾ?”

ಅಮ್ಮ ಆಗಲೇ ಹತ್ತಿ ಕೂತು ಬಾಗಿಲು ಎಳೆದುಕೊಂಡಿದ್ದರು. ಕಿಟಕಿಯಿಂದ ಮುಖ ಹೊರಹಾಕಿ, ತುಂಬ ಕನಿಕರದಿಂದ ಹೇಳಿದರು:

“ನಿಮ್ ಜಾತ್ಕದಾಗೆ ಇಲ್ವಲ್ಲಾ ರೀ.”